ಗೌರವ್ವ ಬಿಗಿದ ಬೋಲ್ಟು

ಇವತ್ತು ಬೆಳಿಗ್ಗೆ ಶೆಡ್ಡಿನ ತಗಡಿನ ಬಾಗಿಲು ಸರಿಸಿದಾಗ ಮೊದಲು ಮೂಗಿಗೆ ಬಂದದ್ದು ಹಳೆಯ ಎಣ್ಣೆಯ ವಾಸನೆ. ಎಣ್ಣೆಯೆಂದರೆ ಒಗ್ಗರಣೆಯದ್ದಲ್ಲ, ಎಂಜಿನ್ನಿನೊಳಗೆ ಬೆಂದು ಕಪ್ಪಾಗಿ ತೊಟ್ಟು ತೊಟ್ಟಾಗಿ ಕೆಳಗಿಳಿದದ್ದು. ಕಾರಿನ ಹೊಟ್ಟೆಯ ಕೆಳಗೆ ಅಂಚು ಸೊಟ್ಟಾದ ಗಂಗಾಳವೊಂದನ್ನು ಇಟ್ಟಿದ್ದೇನೆ, ಸೋರಿದ್ದು ಅದರಲ್ಲಿ ಬೀಳಲಿ ಎಂದು. ಮೊದಮೊದಲು ವಾರಕ್ಕೊಮ್ಮೆ ಚೆಲ್ಲಿದರೆ ಸಾಕಾಗುತ್ತಿತ್ತು. ಇವತ್ತು ನೋಡಿದರೆ ಗಂಗಾಳ ತುಂಬಿ, ನೆಲಕ್ಕೂ ಹರಿದು, ರೊಟ್ಟಿಯಗಲದ ಕಪ್ಪು ಮಚ್ಚೆಯಾಗಿ ಕೂತಿದೆ. ನಾನು ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ಅದನ್ನೇ ನೋಡಿದೆ. ಒಬ್ಬನೇ ಇರುವ ಮನುಷ್ಯನಿಗೆ ಇಂಥವನ್ನೆಲ್ಲ ನೋಡುತ್ತ ಕೂಡಲು ಬೇಕಾದಷ್ಟು ಹೊತ್ತು ಇರುತ್ತದೆ.

ನೀವು ಮುನಿರಾಬಾದಿನ ಕಡೆ ಬಂದವರಾದರೆ ನಮ್ಮ ಕಾಲನಿಯ ಸಾಲುಮನೆಗಳನ್ನು ನೋಡಿರುತ್ತೀರಿ. ಅವುಗಳ ಕೊನೆಯಲ್ಲಿ, ಕಾಲುವೆಯ ಕಡೆ ಮುಖ ಮಾಡಿದ ಮನೆ ನನ್ನದು. ಕಾಲುವೆ ಗೇಟಿನ ಆಪರೇಟರನಿಗೆ ಕೊಡುವ ಮನೆ ಎಷ್ಟು ದೊಡ್ಡದಿರಬಹುದೋ ಅಷ್ಟೇ ಇದೆ. ಮನೆಗಿಂತ ಅದರ ಬದಿಯ ತಗಡಿನ ಶೆಡ್ಡೇ ಒಂದು ಕೈ ಹೆಚ್ಚು ಉದ್ದ. ಅದರಲ್ಲಿ ಒಂದು ಕಾರಿದೆ. ಇಬ್ಬರೇ ಕೂಡಬಹುದಾದ, ಮೇಲೆ ಬಟ್ಟೆಯ ಹುಡ್ಡಿರುವ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ ವಿಲಾಯತಿ ರೇಸ್ ಗಾಡಿ. ನಮ್ಮಪ್ಪ ಆಣೆಕಟ್ಟಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅವನ ಮೇಲಧಿಕಾರಿಯೊಬ್ಬರು ಊರು ಬಿಟ್ಟು ಹೋಗುವಾಗ, ಕೆಟ್ಟು ನಿಂತಿದ್ದ ಇದನ್ನು ಎಳೆದೊಯ್ಯುವುದು ಬೇಡವೆಂದು ಅಪ್ಪನಿಗೆ ಬಿಟ್ಟು ಹೋದರಂತೆ. ಅಪ್ಪ ರಿಪೇರಿ ಮಾಡಿ ಓಡಿಸಿದ. ಅವನ ನಂತರ ಅದು ನನಗೆ ಬಂತು. ಬೇರೆಯವರ ಮನೆಯಲ್ಲಿ ಹೊಲ ಬರುತ್ತದೆ, ಎತ್ತು ಬರುತ್ತದೆ. ನನಗೆ ಬಂದದ್ದು ಬಿಡಿಭಾಗ ಸಿಗದ ಒಂದು ಗಾಡಿ.

ಮದುವೆಯಾದ ಹೊಸದರಲ್ಲಿ ಗೌರವ್ವನನ್ನು ಇದರಲ್ಲೇ ಹನುಮಸಾಗರದಿಂದ ಕರೆದುಕೊಂಡು ಬಂದೆ. ತವರಿನವರು ಕೊಟ್ಟ ಟ್ರಂಕು ಒಳಗೆ ಹಿಡಿಸದೆ, ಅದು ಬಸ್ಸಿನ ಮೇಲೆ ಬಂತು. ಕುಷ್ಟಗಿ ದಾಟುವ ತನಕ ಅವಳು ತಲೆಯ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಆಮೇಲೆ ಒಂದು ಕೈ ಬಿಟ್ಟಳು. ನಮಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತು ತೆಗೆದರೆ ಅವಳು ಶೆಡ್ಡಿನ ಕಡೆ ಕೈ ತೋರಿಸಿ, ನಮ್ಮ ಗಾಡಿಯಲ್ಲಿ ಇಬ್ಬರಿಗೇ ಜಾಗ ಇರುವುದು ಎಂದು ನಕ್ಕು ಮುಗಿಸುತ್ತಿದ್ದಳು. ನಕ್ಕದ್ದು ಎಷ್ಟು, ಮುಗಿಸಿದ್ದು ಎಷ್ಟು ಎಂದು ನಾನು ಕೇಳಲು ಹೋಗಲಿಲ್ಲ.

ಗೌರವ್ವನಿಗೊಂದು ಚಟವಿತ್ತು. ಏನನ್ನೇ ಮುಚ್ಚಿದರೂ ಬಿಗಿಯಾಗಿ ಮುಚ್ಚುವುದು. ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಎಲ್ಲರಂತೆ ತಿರುವಿ, ಅದು ನಿಂತ ಮೇಲೆ ತುಟಿ ಕಚ್ಚಿ, “ಇನ್ನೊಂದ ಚೂರು” ಎಂದು ಮತ್ತೆ ತಿರುವುತ್ತಿದ್ದಳು. ನಳ ಬಂದ್ ಮಾಡಿದರೂ ಅಷ್ಟೇ. ನಮ್ಮ ಮನೆಯ ನಳದ ವಾಷರ್ ಸವೆದಷ್ಟು ಈ ಕಾಲನಿಯಲ್ಲಿ ಯಾರ ಮನೆಯದೂ ಸವೆದಿರಲಿಕ್ಕಿಲ್ಲ. ಜೋಳದ ಚೀಲದ ಬಾಯಿಗೆ ಅವಳು ಹಾಕಿದ ಗಂಟನ್ನು ಬಿಚ್ಚಲು ನನಗೆ ಹಲ್ಲು ಬೇಕಾಗುತ್ತಿತ್ತು. ಆಣೆಕಟ್ಟಿನ ಗೇಟು ನಿನ್ನ ಕೈಗೆ ಕೊಟ್ಟಿದ್ದರೆ ಆಂಧ್ರದ ಕಡೆಗೆ ಒಂದು ಹನಿ ಹೋಗುತ್ತಿರಲಿಲ್ಲ ಎಂದು ನಾನು ಹಂಗಿಸುತ್ತಿದ್ದೆ. ತೆಗೆಯಲಾರದ್ದನ್ನು ನನ್ನ ಮುಂದೆ ತಂದಿಟ್ಟು, ಇಷ್ಟು ದೊಡ್ಡ ಕೈ ಇಟ್ಟುಕೊಂಡು ಇಷ್ಟೂ ಮಾಡದಿದ್ದರೆ ಹೇಗೆ ಎಂದು ಅವಳು ತಿರುಗಿ ಕೇಳುತ್ತಿದ್ದಳು.

ನನ್ನ ಕೈ ದೊಡ್ಡದು ಎನ್ನುವುದು ನಿಜ. ದಿನಾ ಗೇಟಿನ ಚಕ್ರ ತಿರುವಿ ತಿರುವಿ ಮಣಿಕಟ್ಟು ಗುದ್ದಲಿಯ ಹಿಡಿಯ ಹಾಗೆ ಆಗಿತ್ತು. ಮೇಲಾಗಿ ಗೌರವ್ವನ ರೊಟ್ಟಿ. ಬಿಸಿಯದು ಒಂದು, ಅದರ ಹಿಂದೆ ಇನ್ನೊಂದು, ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೇ ಮತ್ತೊಂದು. ಈ ದೊಡ್ಡ ಕೈಯಿಂದಲೇ ನಾನು ಹೇಳಲು ಹೊರಟ ಸಂಗತಿ ಶುರುವಾದದ್ದು.

ಹತ್ತು ಹನ್ನೆರಡು ವರ್ಷದ ಹಿಂದೆ ಕಾರು ಬೀಡಿ ಸೇದುವವರ ಹಾಗೆ ಹೊಗೆ ಬಿಡಲು ಹತ್ತಿತು. ಪಿಸ್ಟನ್ ರಿಂಗು ಸವೆದಿವೆ, ಎಂಜಿನ್ ಇಳಿಸದೆ ಗತಿಯಿಲ್ಲ ಎಂದು ಗೊತ್ತಾಯಿತು. ಗ್ಯಾರೇಜಿಗೆ ಕೊಟ್ಟರೆ ಇಂಥ ಗಾಡಿಯನ್ನು ಮೂಲೆಗೆ ತಳ್ಳಿ ವರ್ಷ ಕಳೆಯುತ್ತಾರೆ. ಮನೆಯಲ್ಲೇ ಇಳಿಸುವುದೆಂದು ನಿರ್ಧರಿಸಿದೆ. ಎತ್ತುವುದಕ್ಕೆ ಯಮನೂರಪ್ಪನ ಸಾಮಾನು ಇತ್ತು. ಯಮನೂರಪ್ಪ ಹೊಲಗಳಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟರುಗಳನ್ನು ಮೇಲೆತ್ತುವವನು. ಅವನ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ ತಂದು ಕಾರಿನ ಮೂತಿಯ ಮೇಲೆ ನಿಲ್ಲಿಸಿದೆವು. ಅವನು ಬಾನೆಟ್ಟಿನೊಳಗೆ ಇಣುಕಿ ನೋಡಿ, “ಎಷ್ಟು ಫೂಟಿಗೆ ನೀರು ಹತ್ತೇತ್ರಿ ಅಣ್ಣಾರ ಇದಕ್ಕ?” ಎಂದ.

ಎಂಜಿನ್ ಇಳಿಸುವುದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ನೀರು ಇಳಿಸಬೇಕು, ಎಣ್ಣೆ ಇಳಿಸಬೇಕು, ಪೈಪು ವೈರುಗಳನ್ನು ಒಂದೊಂದಾಗಿ ಬಿಡಿಸಿ ಯಾವುದು ಎಲ್ಲಿಯದು ಎಂದು ಬಣ್ಣದ ದಾರ ಕಟ್ಟಬೇಕು. ದಾರವನ್ನು ಗೌರವ್ವನ ಹೊಲಿಗೆಯ ಡಬ್ಬಿಯಿಂದ ತಂದೆ. ಕೊನೆಗೆ ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಕೂಡಿಸಿದ ಬೋಲ್ಟುಗಳು. ಎಲ್ಲ ಬಿಚ್ಚಿದವು, ಒಂದು ಉಳಿಯಿತು. ಅದು ಎಂಜಿನ್ನಿನ ಹಿಂದೆ, ಎಲ್ಲಕ್ಕಿಂತ ಮೇಲೆ, ಕೂತವರ ಕಾಲಿನ ಮುಂದಿನ ತಗಡಿಗೆ ಒತ್ತಿಕೊಂಡಿರುವ ಸಂದಿಯಲ್ಲಿದೆ. ಕಣ್ಣಿಗೆ ಕಾಣುವುದಿಲ್ಲ. ಮೇಲಿನಿಂದ ಕೈ ಇಳಿಸಿ, ಕೆಳಗಿನಿಂದ ಇನ್ನೊಂದು ಕೈಯಲ್ಲಿ ಬೋಲ್ಟು ತಿರುವುವ ಗಿಡ್ಡ ಪಾನಾ ದಾಟಿಸಿ, ಬೆರಳಲ್ಲೇ ತಡವಿ ಕೂಡಿಸಬೇಕು. ಅಪ್ಪ ಸಣ್ಣ ಮೈಯವನು, ಅವನಿಗೆ ಹೋಗುತ್ತಿತ್ತು. ನನ್ನ ಕೈ ಗೆಣ್ಣುಗಳ ತನಕ ಹೋಗಿ ಸಿಕ್ಕಿಕೊಂಡಿತು. ಹೊರಗೆ ತೆಗೆಯುವಾಗ ಚರ್ಮ ಅಲ್ಲೇ ಉಳಿಯಿತು.

ಗಾಯಕ್ಕೆ ಅರಿಷಿಣ ಹಚ್ಚಲು ಬಂದ ಗೌರವ್ವ ತಾನೊಮ್ಮೆ ನೋಡುತ್ತೇನೆ ಎಂದಳು. ಅವಳ ಕೈ ಸಲೀಸಾಗಿ ಹೋಯಿತು, ಬಳೆಗಳ ತನಕ. ಮುಂದಕ್ಕೆ ಒತ್ತಿದರೆ ಬಳೆಗಳು ತಗಡಿಗೆ ತಾಗಿ ಕಿರ್ ಎಂದವು. ತೆಗೆದಿಡು ಎಂದೆ, ಒಂದು ಗಳಿಗೆಯ ಮಾತು ಎಂದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

“ನೀವು ಗುಂಡಕಲ್ಲಿನಂಗ ಎದುರಿಗೆ ನಿಂತೀರಿ. ನಾ ಯಾಕ ಕೈ ಬೋಳು ಮಾಡ್ಕೊಳ್ಲಿ?”

ಗಂಡನಿರುವ ಹೆಣ್ಣು ಗಾಜಿನ ಬಳೆ ಬಿಚ್ಚಿ ಬರಿಗೈಯಲ್ಲಿ ಇರುವುದಿಲ್ಲ, ಅರೆಗಳಿಗೆಯೂ ಇಲ್ಲ. ಹೊಸ ಬಳೆ ತೊಡುವಾಗಲೂ ಹಳೆಯದೊಂದನ್ನು ಉಳಿಸಿಕೊಂಡೇ ತೊಡುತ್ತಾರೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಎಂಜಿನ್ ಅರ್ಧ ಬಿಚ್ಚಿದ ಗಂಡಸಿಗೆ ಗೊತ್ತಿರುವ ಸಂಗತಿಗಳೂ ಮರೆತುಹೋಗುತ್ತವೆ. ಎರಡು ದಿನ ಸ್ಟ್ಯಾಂಡು ಹಾಗೇ ನಿಂತಿತು. ಯಮನೂರಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ ಮೋಟರ್ ಮೇಲೆ ಬಂತೋ ಎಂದು ಕೇಳುತ್ತಿದ್ದ.

ಮೂರನೆಯ ದಿನ ಗೌರವ್ವ ಹುಸೇನಬಿಯನ್ನು ಕರೆದುಕೊಂಡು ಬಂದಳು. ಹುಸೇನಬಿ ಕಾಲನಿಗೆ ಬಳೆ ತೊಡಿಸಲು ಬರುವ ಮುದುಕಿ. ಬಳೆಯ ಮಲಾರವನ್ನು ಶೆಡ್ಡಿನ ಗೋಡೆಗೆ ಆನಿಸಿಟ್ಟು, ಕಾರಿನ ಸುತ್ತ ಒಂದು ಸುತ್ತು ಬಂದು, ಸಂದಿಯನ್ನು ಬೆರಳಿನಿಂದ ಅಳೆದಳು. ಒಂದು ಬಳೆ ಉಳಿಸಿದರೂ ಕೈ ಹೋಗುವುದಿಲ್ಲ ಎಂದು ಅವಳೇ ತೀರ್ಮಾನ ಕೊಟ್ಟಳು. ಆಮೇಲೆ ಅರಿಷಿಣದ ದಾರ ತರಿಸಿ ಗೌರವ್ವನ ಎರಡೂ ಮಣಿಕಟ್ಟಿಗೆ ಕಟ್ಟಿದಳು. ದಾರ ಇರುವ ತನಕ ಕೈ ಬರಿದಲ್ಲ ಎನ್ನುವುದು ಅವರಿಬ್ಬರ ಒಪ್ಪಂದ. ಬಳೆ ಒಡೆಯುವ ಹಾಗಿರಲಿಲ್ಲ. ಗೌರವ್ವನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಕಿರುಬೆರಳಿನ ಬುಡವನ್ನು ಒತ್ತಿ, ಕೈಯನ್ನು ಕೊಳವೆಯ ಹಾಗೆ ಮಾಡಿ, “ಕೈ ಸಡ್ಲ ಬಿಡು ಯವ್ವಾ, ಉಸುರು ಹೊರಗ ಬಿಡು” ಎನ್ನುತ್ತ ಒಂದೊಂದೇ ಬಳೆ ಜಾರಿಸಿದಳು. ಜಾರಿಸಿದ್ದನ್ನು ನನ್ನ ಅಂಗೈಯಲ್ಲಿ ಇಟ್ಟಳು. ನೆಲಕ್ಕೆ ಇಡಬಾರದು, ಕೆಲಸ ಮುಗಿಯುವ ತನಕ ನೀವೇ ಹಿಡಿದುಕೊಂಡು ಕೂಡಬೇಕು ಎಂದು ಅಪ್ಪಣೆಯಾಯಿತು.

ಹೀಗೆ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಿನ್ನಿನೊಳಗೆ ಮೊಳಕೈ ತನಕ ಇಳಿದಿದ್ದಳು. ಗಂಡನಾದ ನಾನು ಎರಡೂ ಕೈಯ ಬೊಗಸೆಯಲ್ಲಿ ಹಸಿರು ಬಳೆ ತುಂಬಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಯಮನೂರಪ್ಪ ಆಗಲೇ ಬರಬೇಕೆ. ಬಾಗಿಲಲ್ಲಿ ನಿಂತು ಒಳಗಿನದನ್ನು ಕಣ್ತುಂಬ ನೋಡಿದ.

“ಅಣ್ಣಾರ, ಗೇಟಿನ ಕೆಲಸ ಬಿಟ್ರೇನು? ಡಜನ್ ಹೆಂಗ?”

ಹುಸೇನಬಿ ಬಿದ್ದು ಬಿದ್ದು ನಕ್ಕಳು. ಗೌರವ್ವ ಮಾತ್ರ ನಗಲಿಲ್ಲ, ಅವಳ ಜೀವ ಬೆರಳ ತುದಿಯಲ್ಲಿತ್ತು. ಕಣ್ಣು ಮುಚ್ಚಿಕೊಂಡು, ಡಬ್ಬಿಗಳ ಹಿಂದೆ ಬಿದ್ದ ಚಮಚ ಹುಡುಕುವವಳ ಹಾಗೆ ಮುಖ ಮಾಡಿದ್ದಳು. ಸಿಕ್ಕಿತು ಎಂದಳು, ಜಾರಿತು ಎಂದಳು, ಮತ್ತೆ ಸಿಕ್ಕಿತು ಎಂದಳು. ಸ್ವಲ್ಪ ಹೊತ್ತಿಗೆ ಒಳಗೆಲ್ಲೋ ಕಟ್ ಎಂದು ಸದ್ದಾಯಿತು. ಸಂಜೆ ಎಂಜಿನ್ ಸರಪಳಿಗೆ ಜೋತು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದಾಗ ಅವಳು ಅದರ ಸುತ್ತ ನಡೆದು, ತೂಗುಹಾಕಿದ ಕುರಿಯ ಹಾಗಿದೆ, ಎಷ್ಟು ಪಾಲು ಮಾಡುತ್ತೀರಿ ಎಂದು ಕೇಳಿದಳು. ಬಳೆ ಆಗಲೇ ಕೈಗೆ ಮರಳಿದ್ದವು.

ಪಾಲು ಬಹಳ ಆದವು. ಎರಡು ತಿಂಗಳು ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಮನುಷ್ಯರು ಕೂಡಲಿಲ್ಲ. ಪಿಸ್ಟನ್ನು, ವಾಲ್ವು, ಸ್ಪ್ರಿಂಗು ಬಿಚ್ಚಿದ ಕ್ರಮದಲ್ಲಿ ಸಾಲಾಗಿ ಮಲಗಿದ್ದವು. ಸೀಮೆಎಣ್ಣೆಯ ಬೋಗುಣಿಯಲ್ಲಿ ಅವನ್ನು ತಿಕ್ಕುವುದು ನನ್ನ ಪಾಲು, ಹಳೆಯ ಸೀರೆಯ ಚೂರಿನಿಂದ ಒರೆಸುವುದು ಅವಳದು. ರಿಂಗು ಹೊಸಪೇಟೆಯಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಬೇರೆ ಯಾವುದೋ ಗಾಡಿಯವು ಅಳತೆಗೆ ಹೊಂದಿದವು. ನಾನು ವಾಲ್ವುಗಳಿಗೆ ಪೇಸ್ಟು ಹಚ್ಚಿ ಎರಡೂ ಅಂಗೈ ನಡುವೆ ಕಡ್ಡಿ ತಿರುವುತ್ತ ಕೂತರೆ, ಅವಳು ಎದುರಿಗೆ ಕೂತು ಮಜ್ಜಿಗೆ ಕಡೆಯುತ್ತಿದ್ದಳು. ಎರಡರದೂ ಒಂದೇ ತರಹದ ಸದ್ದು. ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ನಮ್ಮ ಸಂಸಾರದಲ್ಲಿ ಅದೇ ಹೆಚ್ಚು ಅನ್ನಿಸುತ್ತದೆ. ಅಷ್ಟರಲ್ಲಿ ಏನು ಮಾತಾಡಿದೆವು ಎಂದು ಕೇಳಿದರೆ ಒಂದೂ ನೆನಪಿಲ್ಲ.

ಎಂಜಿನ್ ಮತ್ತೆ ಕೂಡಿಸುವ ದಿನ ಹುಸೇನಬಿ ಮತ್ತೆ ಬಂದಳು. ಮತ್ತೆ ದಾರ, ಮತ್ತೆ ನನ್ನ ಬೊಗಸೆಯಲ್ಲಿ ಬಳೆ. ಗೌರವ್ವ ಬೋಲ್ಟು ಕೂಡಿಸಿ ಬಿಗಿದಳು. ಸಾಕು ಎಂದೆ. ಅವಳು ತುಟಿ ಕಚ್ಚಿದಳು.

“ಇನ್ನೊಂದ ಚೂರು.”

ಸಂದಿಯೊಳಗಿಂದ ಪಾನಾ ಕಿರುಗುಟ್ಟಿದ್ದು ಕೇಳಿಸಿತು. ಇದನ್ನು ಇನ್ನು ಯಾರು ಬಿಚ್ಚಬೇಕು ಮಾರಾಯ್ತಿ ಎಂದೆ. ನಾನೇ ಬಿಚ್ಚುತ್ತೇನೆ, ಮತ್ತ್ಯಾರು ಎಂದಳು.

ಕಾರು ಚೆನ್ನಾಗಿ ಓಡಿತು. ಅಳವಂಡಿಗೆ ಹೋದೆವು, ಗಂಗಾವತಿಗೆ ಭತ್ತದ ಗದ್ದೆ ನೋಡಲು ಹೋದೆವು, ಹನುಮಸಾಗರಕ್ಕಂತೂ ಲೆಕ್ಕವಿಲ್ಲ. ಅಲ್ಲಿ ಅವಳ ಅಣ್ಣನ ಮಗಳು ರೇಣುಕಾ ಕಾರಿನ ಹಿಂದೆ ಮಡಚಿದ ಹುಡ್ಡಿನ ಮೇಲೆ ಹತ್ತಿ ಕೂಡುತ್ತಿದ್ದಳು. ಗೌರವ್ವ ಅವಳಿಗೆ ಮಾತು ಕೊಟ್ಟಿದ್ದಳು: ನಿನ್ನ ಮದುವೆಯ ಮೆರವಣಿಗೆ ಇದರಲ್ಲೇ, ಮದುಮಕ್ಕಳು ಹೀಗೇ ಹುಡ್ಡಿನ ಮೇಲೆ ಕೂಡಬೇಕು, ಮಾಮಾ ಗಾಡಿ ಹೊಡೆಯಬೇಕು, ತಾನು ಮಾಮಾನ ಬಾಜುವಿಗೆ ಕೂಡಬೇಕು. ಯಾರು ಎಲ್ಲಿ ಎನ್ನುವುದು ಅಷ್ಟು ಮುಂಚೆಯೇ ನಿಗದಿಯಾಗಿತ್ತು.

ಗೌರವ್ವ ಹೋಗಿ ಮೂರು ವರ್ಷವಾಯಿತು. ಜ್ವರವೆಂದು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದೆ, ವಾರ ಕಳೆಯುವುದರಲ್ಲಿ ಅವಳನ್ನು ಆಂಬುಲೆನ್ಸಿನಲ್ಲಿ ತಂದೆ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ನನಗೆ ಹೇಳಿದ್ದೋ, ತಮ್ಮತಮ್ಮಲ್ಲೇ ಹೇಳಿಕೊಂಡದ್ದೋ. ಹೊಸ ಹಸಿರು ಬಳೆ ತೊಡಿಸಲು ಹುಸೇನಬಿಗೆ ಹೇಳಿಕಳಿಸಿದ್ದರು. ಅವಳು ಬಂದು ತಲೆಯ ಕಡೆ ಕೂತು, ಗೌರವ್ವನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳನ್ನು ಒಳಕ್ಕೆ ಮಡಚಿದಳು. ಎಷ್ಟೋ ವರ್ಷದ ರೂಢಿ, ಬಾಯಿ ತಾನಾಗಿ ಅಂದುಬಿಟ್ಟಿತು:

“ಕೈ ಸಡ್ಲ ಬಿಡು ಯವ್ವಾ.”

ಆಮೇಲೆ ಅವಳು ಮುಂದಿನ ಮಾತು ಆಡಲಿಲ್ಲ.

ಎಲ್ಲರೂ ಹೋದ ಮೇಲೆ ಮನೆಯಲ್ಲಿ ನಾನು, ಅವಳು ಮುಚ್ಚಿಟ್ಟುಹೋದ ಡಬ್ಬಿಗಳು. ಹೊಟ್ಟೆ ಕೇಳುವುದಿಲ್ಲ, ಒಂದೊಂದಾಗಿ ತೆಗೆಯಬೇಕಾಯಿತು. ಮೊದಲು ಶೇಂಗಾ ಚಟ್ನಿಯ ಡಬ್ಬಿ. ಆಮೇಲೆ ಸಾಸಿವೆಯದು. ಜೋಳದ ಚೀಲದ ಗಂಟನ್ನು ಕತ್ತರಿಸಲು ಮನಸ್ಸಾಗದೆ ಒಂದು ಮಧ್ಯಾಹ್ನವೆಲ್ಲ ಕೂತು ಬಿಚ್ಚಿದೆ. ಕೊನೆಗೆ ಉಳಿದದ್ದು ಮಾವಿನ ಉಪ್ಪಿನಕಾಯಿಯ ಬಾಟಲಿ. ಅದನ್ನು ತೆಗೆಯದೆ ಬಹಳ ದಿನ ಬರೀ ಮಜ್ಜಿಗೆಯಲ್ಲಿ ಉಂಡೆ. ಒಂದು ದಿನ ತೆಗೆದೆ, ಉಂಡೆ, ಮುಗಿಯಿತು. ಬಾಟಲಿ ತೊಳೆದು ಗೋಡೆಯ ಮಾಡದಲ್ಲಿ ಇಟ್ಟೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ನಾನು ಮಾಡಿದ ರೊಟ್ಟಿ ನಕಾಶೆಯಂತಿರುತ್ತದೆ. ಒಂದು ತಿಂದರೆ ಎರಡನೆಯದರ ಆಸೆ ಇರುವುದಿಲ್ಲ.

ಕಾರಿನ ಎಂಜಿನ್ನಿನ ಹಿಂದಿನ ಸೀಲು ಹೋಗಿ ಎಣ್ಣೆ ಸೋರತೊಡಗಿದ್ದು ಅದಾದ ಮರುವರ್ಷ. ಸೋರಿದ ಎಣ್ಣೆ ಕ್ಲಚ್ ಪ್ಲೇಟಿಗೆ ಇಳಿದು, ಎಂಜಿನ್ ಕೂಗಿದರೂ ಗಾಡಿ ಮುಂದೆ ಹೋಗುವುದಿಲ್ಲ. ಸೀಲು ಸಣ್ಣದು, ಪ್ಲೇಟಿಗೆ ಹೊಸ ಲೈನಿಂಗ್ ಹಚ್ಚಿಸಿದರಾಯಿತು. ಆದರೆ ಎರಡಕ್ಕೂ ಎಂಜಿನ್ ಇಳಿಸಬೇಕು. ಇಳಿಸಲು ಆ ಬೋಲ್ಟು ಬಿಚ್ಚಬೇಕು. ಅವಳ ಕೈ ಬಿಗಿದದ್ದರಲ್ಲಿ ಈ ಮನೆಯಲ್ಲಿ ಹಾಗೇ ಉಳಿದಿರುವುದು ಅದೊಂದೇ.

ಹೊಸಪೇಟೆಯಲ್ಲಿ ಸಣ್ಣ ಕೈಯವರು ಸಿಗುತ್ತಾರೆ, ಕರೆತರಲೇ ಎಂದು ಯಮನೂರಪ್ಪ ಕೇಳಿದ. ಈಗ ಮಡಚುವ ಗೆಣ್ಣಿನ ಉದ್ದ ಪಾನಾಗಳೂ ಬಂದಿವೆ. ಎರಡೂ ಬೇಡವೆಂದೆ. ನನ್ನ ಕೈ ಹೋಗುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಗಂಗಾಳ ಇಟ್ಟೆ.

ಹೋದ ವಾರ ರೇಣುಕಾ ಫೋನು ಮಾಡಿದಳು. ಬರುವ ತಿಂಗಳು ಅವಳ ಮದುವೆ. ಊಟ, ಆರೋಗ್ಯ ಎಲ್ಲ ವಿಚಾರಿಸಿ ಸುತ್ತು ಬಳಸಿ ಅಲ್ಲಿಗೇ ಬಂದಳು.

“ಮಾಮಾ, ಗಾಡಿ ತರ್ತೀರಿ ಹೌದಿಲ್ಲೋ? ಅತ್ತಿ ಮಾತು ಕೊಟ್ಟಾಳ ನನಗ.”

“ನೋಡೂಣವಾ” ಎಂದೆ.

ರೇಣುಕಾ ಮೆಲ್ಲಗೆ, “ಅತ್ತಿ ಇದ್ದಿದ್ರ ನೋಡೂಣು ಅಂತಿದ್ದಿಲ್ಲ ಮಾಮಾ” ಎಂದಳು.

ವಾರವಿಡೀ ಇದೇ ಆಯಿತು. ಬೋಲ್ಟು ಅವಳದು, ಮಾತೂ ಅವಳದು. ಒಂದನ್ನು ಇಟ್ಟುಕೊಂಡರೆ ಇನ್ನೊಂದು ಹೋಗುತ್ತದೆ. ಗೇಟಿನ ಚಕ್ರ ತಿರುವುವಾಗಲೂ ಅದೇ, ರೊಟ್ಟಿ ಸುಡುವಾಗಲೂ ಅದೇ. ಇವತ್ತು ಬೆಳಿಗ್ಗೆ ನೆಲದ ಮಚ್ಚೆಯ ಪಕ್ಕ ಕೂತವನು ಎದ್ದು ಬಾನೆಟ್ ಎತ್ತಿದೆ. ಬಿಚ್ಚಿಯೇ ಬಿಡುತ್ತೇನೆಂದು ಎತ್ತಿದೆ ಎಂದರೆ ಸುಳ್ಳಾಗುತ್ತದೆ. ಕೈ ಹಾಕುವುದು, ಗೆಣ್ಣು ಸಿಕ್ಕಿಕೊಳ್ಳುವುದು, ನೋಡಿದೆ ಹೋಗಲಿಲ್ಲ ಎಂದು ಮಧ್ಯಾಹ್ನ ರೇಣುಕಾಳಿಗೆ ನಿಜವನ್ನೇ ಹೇಳುವುದು. ನನ್ನ ಲೆಕ್ಕ ಅಷ್ಟೇ ಇತ್ತು.

ಅಂಗಿಯ ತೋಳು ಮಡಚಿದೆ. ಹುಸೇನಬಿ ಮಾಡುತ್ತಿದ್ದ ಹಾಗೆ ಹೆಬ್ಬೆರಳನ್ನು ಅಂಗೈಯೊಳಗೆ ತಂದು, ಉಸಿರು ಹೊರಗೆ ಬಿಟ್ಟು ಸಂದಿಗೆ ಕೈ ಇಳಿಸಿದೆ.

ಕೈ ಹೋಯಿತು. ಗೆಣ್ಣು ತಗಡಿಗೆ ತಾಗಿತು, ಸಿಕ್ಕಲಿಲ್ಲ. ಮಣಿಕಟ್ಟು ದಾಟಿತು, ಮೊಳಕೈ ತನಕ ಇಳಿಯಿತು. ನಂಬಿಕೆಯಾಗದೆ ಹೊರಗೆ ತೆಗೆದು ನೋಡಿದೆ. ಇದು ಯಾವಾಗ ಇಷ್ಟು ಸಣ್ಣದಾಯಿತು? ಗಡಿಯಾರದ ಪಟ್ಟಿಗೆ ನಾನೇ ಮೊಳೆ ಕಾಯಿಸಿ ಹೊಸ ತೂತು ಮಾಡಿದ್ದೆ, ಪಟ್ಟಿ ಹಳೆಯದಾಗಿ ಎಳೆದುಕೊಂಡಿದೆ ಎಂದುಕೊಂಡಿದ್ದೆ. ಮೂರು ವರ್ಷ ಬಿಸಿ ರೊಟ್ಟಿಯ ಮೇಲೆ ಇನ್ನೊಂದನ್ನು ಹಾಕುವವರಿಲ್ಲದ ಕೈ. ಗೌರವ್ವ ನೋಡಿದ್ದರೆ ಮೊದಲು ನನ್ನನ್ನು ಬೈದು ಆಮೇಲೆ ಬೋಲ್ಟಿನ ಸುದ್ದಿಗೆ ಬರುತ್ತಿದ್ದಳು.

ಇನ್ನು ಹೇಳಲು ನೆಪ ಉಳಿಯಲಿಲ್ಲ. ಮತ್ತೆ ಕೈ ಇಳಿಸಿ, ಕೆಳಗಿನಿಂದ ಗಿಡ್ಡ ಪಾನಾ ದಾಟಿಸಿ, ಕಣ್ಣು ಮುಚ್ಚಿ ತಡವಿದೆ. ಆರು ಮೂಲೆಯ ತಲೆ ಬೆರಳಿಗೆ ಸಿಕ್ಕಿತು. ಪಾನಾ ಕೂತಿತು. ಜಗ್ಗಿದೆ, ಅಲುಗಲಿಲ್ಲ. ಎರಡನೆಯ ಸಲವೂ ಅಲುಗಲಿಲ್ಲ. ಅವಳ ಬಲವನ್ನು ಇಷ್ಟು ಹತ್ತಿರದಿಂದ ಮುಟ್ಟಿ ಎಷ್ಟು ದಿನವಾಗಿತ್ತು. ಹಾಗೇ ಹಿಡಿದುಕೊಂಡು, ಕೆನ್ನೆಯನ್ನು ಚಕ್ರದ ಮೇಲಿನ ತಣ್ಣನೆಯ ತಗಡಿಗೆ ಆನಿಸಿ ನಿಂತೆ. ಆಮೇಲೆ ಇನ್ನೊಮ್ಮೆ ಜಗ್ಗಿದೆ. ಒಳಗೆ ಕಟ್ ಎಂದಿತು, ಅವತ್ತಿನ ಹಾಗೆಯೇ.

ರೇಣುಕಾಳಿಗೆ ಫೋನು ಮಾಡಿ ತರುತ್ತೇನೆಂದು ಹೇಳಿದೆ. ಹುಡ್ಡಿನ ಮೇಲೆ ಅವರಿಬ್ಬರು, ಗಾಡಿ ಹೊಡೆಯುವುದು ನಾನು. ಬಾಜುವಿನ ಸೀಟಿನಲ್ಲಿ ಬೇರೆ ಯಾರನ್ನೂ ಕೂಡಿಸಬಾರದು ಎಂದು ಅವಳ ಅಪ್ಪನಿಗೆ ಈಗಲೇ ಹೇಳಿಡಲು ತಿಳಿಸಿದೆ. ಅದನ್ನು ತಾನಾಗಲೇ ಹೇಳಿದ್ದೇನೆ ಎಂದಳು. ನಾಳೆ ಯಮನೂರಪ್ಪ ಸ್ಟ್ಯಾಂಡು ತರುತ್ತಾನೆ.

ಬಿಚ್ಚಿದ ಬೋಲ್ಟು ಈಗ ನನ್ನ ಮುಂದಿದೆ. ಹೊರಗಿನ ತಲೆಗೆ ಎಣ್ಣೆಯ ಮಣ್ಣು ಮೆತ್ತಿದೆ, ಒಳಗಿದ್ದ ತಿರುಪಿನ ಎಳೆಗಳು ಮಾತ್ರ ಹೊಸದರಂತೆ ಹೊಳೆಯುತ್ತಿವೆ. ನಾಳೆ ಬಿಚ್ಚಲಿರುವ ಉಳಿದ ಬೋಲ್ಟುಗಳ ಜೊತೆ ಬೋಗುಣಿಗೆ ಹಾಕಲು ಮನಸ್ಸಾಗಲಿಲ್ಲ. ಒರೆಸಿ, ಮತ್ತೆ ಕೂಡಿಸುವ ದಿನದ ತನಕ ಇರಲಿ ಎಂದು ಮಾಡದಲ್ಲಿದ್ದ ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಹಾಕಿ ಮುಚ್ಚಳ ತಿರುವಿದೆ. ಅದು ನಿಂತಿತು.

ಇನ್ನೊಂದು ಚೂರು ತಿರುವಿದೆ.